ಮಡಿಕೇರಿಯ ಬರೆಗಳು

ಮಡಿಕೇರಿಯಲ್ಲಿ ಯಾರದಾದರೂ ಮನೆಗೆ ಹೋದರೆ ಒಮ್ಮೆ ಹಿತ್ತಿಲಿಗೂ ಹೋಗಿ ನೋಡಬೇಕು. ಅಡುಗೆಮನೆಯ ಬಾಗಿಲು ತೆರೆದರೆ ಮೂರು ನಾಲ್ಕು ಅಡಿ ಅಗಲದ ಓಣಿ, ಪಾತ್ರೆ ತೊಳೆಯುವ ಕಲ್ಲು, ಒಣಗದ ಬಟ್ಟೆಗಳ ಹಗ್ಗ. ಅದರಾಚೆ ತಲೆಯೆತ್ತಿ ನೋಡಬೇಕಾದಷ್ಟು ಎತ್ತರಕ್ಕೆ ನೆಟ್ಟಗೆ ನಿಂತ ಕೆಂಪು ಮಣ್ಣು. ಅದನ್ನು ಯಾರೂ ಕಟ್ಟಿದ್ದಲ್ಲ, ಕಡಿದದ್ದು. ಇಳಿಜಾರನ್ನು ಕಡಿದು ಮನೆಗೆ ಜಾಗ ಮಾಡಿಕೊಂಡಾಗ ಹಿಂದೆ ಉಳಿದ ಗುಡ್ಡದ ಮೈ. ಇಲ್ಲಿಯವರು ಅದಕ್ಕೆ ‘ಬರೆ’ ಎನ್ನುತ್ತಾರೆ. ಮಳೆಗಾಲದಲ್ಲಿ ಸ್ಥಳೀಯ ಪತ್ರಿಕೆ ಬಿಡಿಸಿದರೆ ‘ಬರೆ ಕುಸಿದು ಮನೆಗೆ ಹಾನಿ’ ಎಂಬ ಸುದ್ದಿ ಒಂದಾದರೂ ಇದ್ದೇ ಇರುತ್ತದೆ. ಬಯಲುಸೀಮೆಯವನಾದ ನನಗೆ ಬರೆ ಎಂದರೆ ಕಾದ ಕಬ್ಬಿಣದಿಂದ ಎಳೆಯುವ ಬರೆ ಮಾತ್ರ ಗೊತ್ತಿತ್ತು. ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ಪಂಡಿತರು ಹೇಳಬೇಕು. ಮೋಡ ಸರಿದ ದಿನ ಎದುರು ಗುಡ್ಡದಿಂದ ಊರನ್ನು ನೋಡಿದಾಗ, ಹಸಿರಿನ ನಡುವೆ ಅಡ್ಡಡ್ಡ ಕೆಂಪು ಗೆರೆಗಳು ಕಂಡಾಗ, ನನಗಂತೂ ಸಂಬಂಧವಿದೆ ಎಂದೇ ಅನ್ನಿಸಿತು.

ಈ ಊರಿನ ಕತೆಯನ್ನು ರಾಜರ ಕತೆಯಾಗಿ ಹೇಳುವುದುಂಟು, ಕಾಫಿಯ ಕತೆಯಾಗಿ ಹೇಳುವುದುಂಟು, ಈಚೆಗೆ ಪ್ರವಾಸಿಗರ ಕತೆಯಾಗಿಯೂ ಹೇಳುತ್ತಾರೆ. ನನಗೆ ಅದು ಮಟ್ಟಸ ನೆಲದ ಕತೆಯಾಗಿ ಕಾಣುತ್ತದೆ. ಇಲ್ಲಿ ಸಹಜವಾಗಿ ಮಟ್ಟಸವಾಗಿದ್ದ ಜಾಗವೇ ಸ್ವಲ್ಪ. ಅದನ್ನು ಮೊದಲು ಬಂದವರು ಹಿಡಿದರು. ಆಮೇಲೆ ಬಂದವರೆಲ್ಲ ಗುಡ್ಡ ಕಡಿದೇ ಕಾಲೂರಬೇಕಾಯಿತು.

ಮೊದಲು ಬಂದವನು ಹಾಲೇರಿ ವಂಶದ ಮುದ್ದುರಾಜ. 1681ರಲ್ಲಿ ಅವನು ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜನ ಕೇರಿಯೇ ಬಾಯಿಂದ ಬಾಯಿಗೆ ಸವೆದು ಮಡಿಕೇರಿಯಾಯಿತು ಎನ್ನುತ್ತಾರೆ. ಬ್ರಿಟಿಷರ ನಾಲಿಗೆಯ ಮೇಲೆ ಇನ್ನಷ್ಟು ಸವೆದು ಮರ್ಕೆರಾ ಆಯಿತು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಏಣು, ಅಂದರೆ ಗುಡ್ಡಸಾಲಿನ ಬೆನ್ನು, ಇದು. ಒಂದು ಮಗ್ಗುಲಲ್ಲಿ ಮೈಸೂರಿನ ಕಡೆಗೆ ಇಳಿಯುವ ದಾರಿ, ಇನ್ನೊಂದು ಮಗ್ಗುಲಲ್ಲಿ ಸಂಪಾಜೆ ಘಟ್ಟವಿಳಿದು ಕರಾವಳಿಗೆ ಹೋಗುವ ದಾರಿ. ಯಾವ ಕಡೆಯಿಂದ ಯಾರು ಬಂದರೂ ಮೇಲಿನಿಂದ ಕಾಣುತ್ತದೆ. ಕೋಟೆಗೆ ಹೇಳಿ ಮಾಡಿಸಿದ ಜಾಗ. ಸಾವಿರಾರು ಜನ ಒಲೆ ಹಚ್ಚುವ ಊರೊಂದು ಇಲ್ಲಿ ಆಗಬೇಕೆಂದು ಆಗ ಯಾರೂ ಎಣಿಸಿರಲಾರರು.

ಕೊಡವರಿಗಾದರೋ ಪೇಟೆಯಲ್ಲಿ ಒತ್ತಾಗಿ ಬದುಕುವ ವಾಡಿಕೆಯೇ ಇರಲಿಲ್ಲ. ಅವರ ಐನ್‌ಮನೆಗಳು, ಎಂದರೆ ಕುಲದ ಮೂಲಮನೆಗಳು, ಗದ್ದೆಯ ಅಂಚಿನಲ್ಲಿ, ಒಂದರಿಂದ ಇನ್ನೊಂದಕ್ಕೆ ಕೂಗಿದರೆ ಕೇಳುವಷ್ಟೋ ಕೇಳದಷ್ಟೋ ದೂರದಲ್ಲಿ ನಿಂತಿರುತ್ತವೆ. ಹಾಗಾಗಿ ಮಡಿಕೇರಿ ಮೊದಲಿನಿಂದಲೂ ಹೊರಗಿನಿಂದ ಬಂದವರ ಊರು: ದಂಡಿನವರು, ಲೆಕ್ಕ ಬರೆಯುವವರು, ವ್ಯಾಪಾರಿಗಳು, ಕುಶಲಕರ್ಮಿಗಳು. ಕನ್ನಡ, ತಮಿಳು, ಮಲಯಾಳ, ತುಳು, ಕೊಂಕಣಿ, ಉರ್ದು, ಅರೆಭಾಷೆ, ಕೊಡವ ತಕ್ಕ್ ಎಲ್ಲವೂ ಶುಕ್ರವಾರದ ಸಂತೆಯಲ್ಲಿ ಒಟ್ಟಿಗೆ ಕೇಳಿಸುತ್ತವೆ. ದೇವರುಗಳ ಹೆಸರಿನಲ್ಲೇ ಈ ಚರಿತ್ರೆ ಉಳಿದಿದೆ. ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ. ‘ಮೊಟ್ಟೆ’ ಎಂದರೆ ಗುಡ್ಡ. ಇಲ್ಲಿ ವಿಳಾಸ ಹೇಳುವುದೆಂದರೆ ಯಾವ ಗುಡ್ಡದ ಯಾವ ಮಗ್ಗುಲು ಎಂದು ಹೇಳುವುದು.

ಕೋಟೆ ಮೊದಲು ಮಣ್ಣಿನದಾಗಿತ್ತು. ಟಿಪ್ಪು ಸುಲ್ತಾನ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ 1790ರಲ್ಲಿ ಕೋಟೆಯನ್ನು ಮರಳಿ ಪಡೆದ. ಅವನ ರಾಣಿ ಮಹದೇವಮ್ಮಾಜಿಯ ಹೆಸರಿನಲ್ಲಿ ಮಹದೇವಪೇಟೆ ಬೆಳೆಯಿತು. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಕೋಟೆಯೊಳಗೆ ಅರಮನೆ ಕಟ್ಟಿಸಿದ. 1820ರಲ್ಲಿ ಓಂಕಾರೇಶ್ವರ ದೇವಾಲಯ. ಈಗ ನಕಾಶೆಯನ್ನಲ್ಲ, ಕಾಲನ್ನೇ ನಂಬಿ ನಡೆದು ನೋಡಿ. ಕೋಟೆ ಇರುವುದು ಗುಡ್ಡದ ನೆತ್ತಿಯಲ್ಲಿ. ಓಂಕಾರೇಶ್ವರ ಇರುವುದು ಕೆಳಗಿನ ತಗ್ಗಿನಲ್ಲಿ. ಗುಮ್ಮಟ, ಮೂಲೆಗಳಲ್ಲಿ ಮಿನಾರುಗಳನ್ನು ಹೊತ್ತ ಆ ದೇವಾಲಯದ ಮುಂದಿನ ಕೆರೆಗೆ ನಾಲ್ಕೂ ಕಡೆಯ ನೀರು ತಾನಾಗಿ ಬಂದು ಸೇರುವಂತಹ ಜಾಗ. ರಾಜರ ಸಮಾಧಿಗಳಿರುವ ಗದ್ದಿಗೆ ಇನ್ನೊಂದು ಗುಡ್ಡದ ಮೇಲಿನ ಬಯಲಿನಲ್ಲಿ. ನೆತ್ತಿ ಕೋಟೆಗೆ, ತಗ್ಗು ದೇವರಿಗೆ, ಏಣಿನ ಬೆನ್ನು ಪೇಟೆಗೆ. ಇವುಗಳ ನಡುವಿನ ಇಳಿಜಾರು ಹಾಗೇ ಉಳಿಯಿತು. ರಾಜರಿಗೆ ಭೂವಿಜ್ಞಾನ ಗೊತ್ತಿತ್ತು ಎಂದು ಹೊಗಳುವ ಉದ್ದೇಶ ನನಗಿಲ್ಲ. ಜನ ಕಡಿಮೆ ಇದ್ದರು, ಇಳಿಜಾರಿನ ಮೇಲೆ ಕಟ್ಟುವ ಅಗತ್ಯ ಬೀಳಲಿಲ್ಲ, ಅಷ್ಟೇ.

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಕೋಟೆ ಹೊಕ್ಕಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪದಚ್ಯುತನಾಗಿ ಕಾಶಿಗೆ ಹೋದ, ಅಲ್ಲಿಂದ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋಗಿ ಅಲ್ಲೇ ತೀರಿಕೊಂಡ. ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ಕಡೆಯಿಂದ ದಂಗೆಯೆದ್ದಿತು. ಅದರ ಮುಂದಾಳುಗಳಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಇದೇ ಕೋಟೆಯ ಬಳಿ ನೇಣಿಗೆ ಹಾಕಿದರು. ಬ್ರಿಟಿಷರು ಮಾಡಿದ ಇನ್ನೊಂದು ಕೆಲಸ ಕೋಟೆಯೊಳಗೆ ಇಂದಿಗೂ ಕಾಣುತ್ತದೆ: ವೀರಭದ್ರನ ಗುಡಿಯಿದ್ದ ಕಡೆ 1855ರಲ್ಲಿ ಇಗರ್ಜಿ ಎದ್ದಿತು. ಅದೀಗ ವಸ್ತುಸಂಗ್ರಹಾಲಯ. ಇದನ್ನೂ ಮಟ್ಟಸ ನೆಲದ ಲೆಕ್ಕದಲ್ಲಿ ನೋಡಬಹುದು. ಕೋಟೆಯೊಳಗೆ ಬೇರೆ ಜಾಗ ಹುಡುಕುವ ಬದಲು ಇದ್ದದ್ದನ್ನು ಕೆಡವಿ ಅದರ ಮೇಲೇ ಕಟ್ಟಿದರು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಮಡಿಕೇರಿಯನ್ನು ಊಟಿಯ ಸಾಲಿನಲ್ಲಿಟ್ಟು ‘ಬ್ರಿಟಿಷರ ಕಾಲದ ಗಿರಿಧಾಮ’ ಎಂದು ಬರೆಯುವವರಿದ್ದಾರೆ. ಊಟಿಯನ್ನು ಬ್ರಿಟಿಷರು ಬಿಸಿಲು ತಪ್ಪಿಸಿಕೊಳ್ಳಲು ಬೆಳೆಸಿದರು. ಅಲ್ಲಿ ಕೆರೆ, ಉದ್ಯಾನ, ರೈಲು ಎಲ್ಲ ಆ ಉದ್ದೇಶಕ್ಕೇ ಬಂದವು. ಮಡಿಕೇರಿ ಕಚೇರಿಯ ಊರು. 1854ರಲ್ಲಿ ಫೌಲರ್ ಎಂಬಾತ ಇಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ ಮೇಲೆ ಪ್ಲಾಂಟರುಗಳೂ ಬಂದರು, ನಿಜ. ಆದರೆ ಅವರು ಬದುಕಿದ್ದು ತಮ್ಮ ತಮ್ಮ ತೋಟದ ಬಂಗಲೆಗಳಲ್ಲಿ. ಊರಿಗೆ ಬರುತ್ತಿದ್ದುದು ಕಚೇರಿ ಕೆಲಸಕ್ಕೆ, ಅಂಚೆಗೆ, ಕೋರ್ಟಿಗೆ. 1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 6,700. ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ರಾಜಾಸೀಟ್ ಉದ್ಯಾನದ ಪಕ್ಕ ಮಕ್ಕಳಿಗೆಂದು ಪುಟಾಣಿ ರೈಲೊಂದು ವರ್ಷಗಳ ಕಾಲ ಸುತ್ತು ಹಾಕುತ್ತಿತ್ತು. ಇಡೀ ಜಿಲ್ಲೆಯಲ್ಲಿ ಹಳಿ ಕಂಡದ್ದು ಅಲ್ಲಿ ಮಾತ್ರ ಎಂದು ಊರಿನವರೇ ನಗುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಊರಿಗೆ ಇನ್ನೊಂದು ಪಟ್ಟ ಸಿಕ್ಕಿತು. ಕೊಡಗು ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯವಾಗಿ, 1952ರಿಂದ 1956ರವರೆಗೆ 24 ಸದಸ್ಯರ ವಿಧಾನಸಭೆಯೂ ಸಿ.ಎಂ. ಪೂಣಚ್ಚ ಅವರು ಮುಖ್ಯಮಂತ್ರಿಯಾಗಿದ್ದ ಸರ್ಕಾರವೂ ಇಲ್ಲಿದ್ದವು. ಸಭೆ ಸೇರುತ್ತಿದ್ದುದು ಕೋಟೆಯಲ್ಲಿ. ಕೋಟೆಯ ಹಳೆಯ ವಿಧಾನ ಸಭಾಂಗಣ ಎಂಬ ಹೆಸರು ಆಮೇಲೂ ಬಹುಕಾಲ ಆಹ್ವಾನ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಂದಿಗೆ ಸೇರಿತು, ರಾಜಧಾನಿ ಜಿಲ್ಲಾ ಕೇಂದ್ರವಾಯಿತು. ಪಟ್ಟ ಇಳಿಯಿತು, ಕಚೇರಿಗಳು ಕಡಿಮೆಯಾಗಲಿಲ್ಲ. ಒಂದೊಂದು ಇಲಾಖೆಗೂ ಒಂದೊಂದು ಜಿಲ್ಲಾ ಕಚೇರಿ, ಒಂದೊಂದು ಕಚೇರಿಗೂ ನೌಕರರು, ನೌಕರರಿಗೆ ವಸತಿಗೃಹ. ಜಾಗ ಸಾಲದೆ ಸಿಕ್ಕ ಕಟ್ಟಡದಲ್ಲೆಲ್ಲ ಕಚೇರಿ ತುರುಕಿದರು. ಜನರಲ್ ತಿಮ್ಮಯ್ಯನವರು ಹುಟ್ಟಿದ ‘ಸನ್ನಿಸೈಡ್’ ಮನೆಯಲ್ಲಿ ಎಷ್ಟೋ ವರ್ಷ ಪ್ರಾದೇಶಿಕ ಸಾರಿಗೆ ಕಚೇರಿ ಇತ್ತು. ಅದು 2021ರಲ್ಲಿ ವಸ್ತುಸಂಗ್ರಹಾಲಯವಾಗುವ ಮೊದಲು ಆ ಮನೆಗೆ ಹೋದವರ ನೆನಪು ಡ್ರೈವಿಂಗ್ ಲೈಸೆನ್ಸಿನದು.

ಕಚೇರಿಯವರ ಹಿಂದೆ ಅಂಗಡಿಯವರು, ಅಂಗಡಿಯವರ ಹಿಂದೆ ಕೂಲಿಯವರು. ಏಣಿನ ಬೆನ್ನು ತುಂಬಿತು. ಊರು ಇಳಿಜಾರಿಗೆ ಇಳಿಯತೊಡಗಿತು. ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರ, ಮಲ್ಲಿಕಾರ್ಜುನನಗರ. ಹೆಸರಿನಲ್ಲಿ ‘ನಗರ’ ಇದೆ, ಮನೆಗೆ ಹೋಗಬೇಕಾದರೆ ಮೆಟ್ಟಿಲಿದೆ. ಅರವತ್ತು ಎಪ್ಪತ್ತು ಮೆಟ್ಟಿಲಿಳಿದು ಗ್ಯಾಸ್ ಸಿಲಿಂಡರ್ ಹೊತ್ತು ತರುವವರ ತೊಡೆಗಳನ್ನು ನೋಡಿದರೆ ಊರಿನ ಭೂಗೋಳ ಅರ್ಥವಾಗುತ್ತದೆ. 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 33,381. ಬಯಲಿನ ಯಾವುದೇ ತಾಲ್ಲೂಕು ಕೇಂದ್ರಕ್ಕೆ ಇದು ಹೆಚ್ಚಲ್ಲ. ಬೆನ್ನಿನ ಮೇಲೆ ಆರು ಏಳು ಸಾವಿರ ಜನರನ್ನು ಕೂರಿಸಿಕೊಂಡಿದ್ದ ಗುಡ್ಡಕ್ಕೆ ಹೆಚ್ಚು.

ನೀರಿನ ಕತೆ ಕೇಳಿದರೆ ಬೇರೆ ಊರಿನವರು ನಂಬುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ಕಾಯುತ್ತಾರೆ. ಏಣಿನ ಮೇಲೆ ಬಿದ್ದ ನೀರು ಎರಡೂ ಮಗ್ಗುಲಿಗೆ ಇಳಿದು ಹೋಗುತ್ತದೆ, ನಿಲ್ಲುವುದಿಲ್ಲ. ಇಳಿದು ಹೋದ ನೀರನ್ನು ಕೂಟುಹೊಳೆಯಲ್ಲಿ ತಡೆದು ಮತ್ತೆ ಮೇಲಕ್ಕೆ ಎತ್ತಬೇಕು. ಅದು ಸಾಲದೆ ಕುಂಡಾಮೇಸ್ತ್ರಿ ಯೋಜನೆ ಬಂತು. ಕಸವೂ ಹಾಗೆಯೇ. ಸುರಿಯಲು ಮಟ್ಟಸ ಜಾಗವಿಲ್ಲದೆ ಸ್ಟೋನ್ ಹಿಲ್ ಎಂಬ ಗುಡ್ಡದ ಮೇಲೆ ಒಯ್ದು ಸುರಿದರು, ಕೆಳಗಿನ ಬಡಾವಣೆಯವರು ವರ್ಷಗಟ್ಟಲೆ ಪ್ರತಿಭಟಿಸಿದರು.

ಊರಿನಲ್ಲಿ ಮಟ್ಟಸ ನೆಲ ಎಷ್ಟು ಕಡಿಮೆ ಎಂಬುದು ನಿಜವಾಗಿ ತಿಳಿಯುವುದು ದಸರಾದಲ್ಲಿ. ಹಿಂದೊಮ್ಮೆ ಊರಿಗೆ ರೋಗ ಬಡಿದಾಗ ಮಾರಿಯಮ್ಮನ ಮೊರೆ ಹೋದದ್ದೇ ಇದರ ಮೂಲ ಎನ್ನುತ್ತಾರೆ. ಪಂಪಿನ ಕೆರೆಯಿಂದ ನಾಲ್ಕು ಕರಗಗಳು ಹೊರಡುತ್ತವೆ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಹತ್ತು ಮಂಟಪಗಳು ಟ್ರ್ಯಾಕ್ಟರುಗಳ ಮೇಲೆ ಏರಿ ಬೀದಿಗೆ ಬರುತ್ತವೆ. ಚಲಿಸುವ ರಾಕ್ಷಸರು, ಹೊಗೆ, ಬೆಳಕು, ಎದೆ ನಡುಗಿಸುವ ಶಬ್ದ. ಬೇರೆ ಊರುಗಳ ಮೆರವಣಿಗೆ ಸಂಜೆ ಮುಗಿಯುವ ಹೊತ್ತಿಗೆ ಇಲ್ಲಿಯದು ಕಳೆಗಟ್ಟುತ್ತದೆ, ಬೆಳಗಿನ ಜಾವದವರೆಗೆ ನಡೆಯುತ್ತದೆ. ಮೈಸೂರಿನ ದಸರಾಕ್ಕೆ ಬನ್ನಿಮಂಟಪದ ಬಯಲಿದೆ. ಇಲ್ಲಿ ಕತೆ ಆಡಿ ತೋರಿಸಲು ಮಂಟಪ ನಿಲ್ಲಬೇಕಾದರೂ ರಸ್ತೆ ಸ್ವಲ್ಪ ಅಗಲವಾಗುವ, ಸ್ವಲ್ಪ ಮಟ್ಟಸವಾಗುವ ತಿರುವೊಂದನ್ನು ಹುಡುಕಬೇಕು. ಏರಿನಲ್ಲಿ ಟ್ರ್ಯಾಕ್ಟರು ಉಸಿರು ಕಟ್ಟಿ ನಿಂತಾಗ ಹಿಂದಿನಿಂದ ಹುಡುಗರು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಮೇಲೆ ಮಹಿಷಾಸುರ ಓಲಾಡುತ್ತಿರುತ್ತಾನೆ. ಆ ಕಲ್ಲು ಹಿಡಿದ ಹುಡುಗನ ಮುಖವನ್ನು ನೋಡಿದವರಿಗೆ ಮಂಟಪದ ಕತೆಯ ಮೇಲೆ ಗಮನ ನಿಲ್ಲುವುದಿಲ್ಲ.

ಈಗ ಬರೆಯ ವಿಷಯಕ್ಕೆ ಬರೋಣ. ಗುಡ್ಡ ಕಡಿಯುವುದು ಹೊಸದಲ್ಲ. ಹಾರೆ, ಪಿಕಾಸಿ, ಗುದ್ದಲಿಯಲ್ಲಿ ಕಡಿಯುತ್ತಿದ್ದ ಕಾಲದಲ್ಲಿ ಅದಕ್ಕೊಂದು ಮಿತಿ ತಾನಾಗಿ ಇತ್ತು. ನಾಲ್ಕು ಆಳು ಎಷ್ಟು ದಿನ ಕಡಿಯಬಲ್ಲರು, ಅವರಿಗೆ ಕೂಲಿ ಎಷ್ಟು ಕೊಡಬಲ್ಲೆವು ಎಂಬ ಲೆಕ್ಕವೇ ಬರೆಯ ಎತ್ತರವನ್ನು ತೀರ್ಮಾನಿಸುತ್ತಿತ್ತು. ಆಳೆತ್ತರ ಕಡಿದು, ಮನೆಯನ್ನು ಉದ್ದಕ್ಕೆ ತೆಳ್ಳಗೆ ಕಟ್ಟಿ, ಉಳಿದದ್ದನ್ನು ಗುಡ್ಡಕ್ಕೇ ಬಿಡುತ್ತಿದ್ದರು. ಜೆಸಿಬಿ ಬಂದ ಮೇಲೆ ಆ ಲೆಕ್ಕ ತಲೆಕೆಳಗಾಯಿತು. ಆಳುಗಳ ತಿಂಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಅದೇ ಹೊತ್ತಿಗೆ ಬೆಂಗಳೂರಿನಿಂದ ವಾರಾಂತ್ಯದ ಕಾರುಗಳು ಬರತೊಡಗಿದವು, ಕಾಫಿಯ ಬೆಲೆ ನಂಬಿ ಕೂರಲಾಗದವರು ಹೋಂಸ್ಟೇ ತೆರೆದರು, ನೋಟ ಚೆನ್ನಾಗಿರುವ ಇಳಿಜಾರಿಗೇ ಬೆಲೆ ಬಂತು. ಹಿಂದೆ ಎಲ್ಲರೂ ಬೇಡವೆನ್ನುತ್ತಿದ್ದ ಜಾಗ ಅದು. ರಾಜರು ಸೂರ್ಯಾಸ್ತ ನೋಡುತ್ತಿದ್ದರು ಎನ್ನುವ ರಾಜಾಸೀಟ್‌ನಂಥ ನೋಟವೇ ಪ್ರತಿ ಕೊಠಡಿಯ ಕಿಟಕಿಗೂ ಬೇಕಾಯಿತು.

ಗುಡ್ಡ ಕಡಿದಾಗ ಒಳಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಕೊಡಗಿನ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಅದೇ ಬಂಡೆ ಕೊಳೆತು ಆದ ಮಣ್ಣಿನ ದಪ್ಪ ಪದರವಿರುತ್ತದೆ. ಈ ಮಣ್ಣು ಒಣಗಿದಾಗ ಗಟ್ಟಿ. ಬೇಸಿಗೆಯಲ್ಲಿ ಬರೆ ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ‘ಏನೂ ಆಗುವುದಿಲ್ಲ’ ಎಂಬ ಧೈರ್ಯ ಕೊಡುತ್ತದೆ. ಮಳೆ ಶುರುವಾದ ಮೇಲೆ ನೀರು ಇಂಗಿ ಮಣ್ಣಿನ ತೂಕ ಹೆಚ್ಚುತ್ತದೆ. ಕಣಗಳ ನಡುವೆ ನೀರಿನ ಒತ್ತಡ ಬೆಳೆದು ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಕೆಳಗೆ ಬಂಡೆಯ ಮೇಲೆ ನೀರು ಹರಿದು ಜಾರುಬಂಡಿಯಾಗುತ್ತದೆ. ಸಹಜ ಇಳಿಜಾರಾದರೆ ಬುಡದ ಮಣ್ಣು ಮೇಲಿನದನ್ನು ಆನಿಸಿಕೊಂಡಿರುತ್ತದೆ. ನಾವು ಕಡಿದು ತೆಗೆದದ್ದು ಆ ಬುಡವನ್ನೇ. ಇಷ್ಟೇ ಆದರೆ ಅರ್ಧ ಅಪಾಯ. ಕಡಿದ ಮಣ್ಣನ್ನು ಲಾರಿಯಲ್ಲಿ ಹೊರಗೆ ಸಾಗಿಸಲು ದುಡ್ಡು ಬೇಕಲ್ಲ, ಅದನ್ನು ಕೆಳಮಗ್ಗುಲಿಗೆ ತಳ್ಳಿ, ತುಳಿದು ಮಟ್ಟ ಮಾಡಿ, ಅದರ ಮೇಲೇ ಕಂಬ ನಿಲ್ಲಿಸುತ್ತಾರೆ. ಮನೆಯ ಹಿಂದಿನ ಅರ್ಧ ಗಟ್ಟಿ ನೆಲದಲ್ಲಿ, ಮುಂದಿನ ಅರ್ಧ ಸಡಿಲ ಮಣ್ಣಿನಲ್ಲಿ. ನಡುಮನೆಯ ನೆಲದಲ್ಲಿ ಒಂದು ಕೂದಲೆಳೆ ಬಿರುಕು ಕಂಡರೆ ಅದು ಈ ಎರಡು ಅರ್ಧಗಳ ಗಡಿ.

2018ರ ಆಗಸ್ಟ್ ನಡುವಿನ ದಿನಗಳಲ್ಲಿ ಈ ಪಾಠ ಇಡೀ ಜಿಲ್ಲೆಗೆ ಒಮ್ಮೆಗೇ ಆಯಿತು. ಜೂನ್‌ನಿಂದ ನೆನೆದಿದ್ದ ಗುಡ್ಡಗಳ ಮೇಲೆ ಬಿಡದೆ ಮಳೆ ಸುರಿಯಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಮ್ಮೆತ್ತಾಳು, ಜೋಡುಪಾಲದಲ್ಲಿ ತೋಟ, ಗದ್ದೆ, ಮನೆಗಳು ಮಣ್ಣಿನಡಿ ಹೋದವು. ನಿಂತ ನೆಲದಿಂದ ನೀರು ಬುಗ್ಗೆಯಂತೆ ಚಿಮ್ಮಿದ್ದನ್ನು ಕಂಡವರು ‘ಜಲಸ್ಫೋಟ’ ಎಂದರು. ಆ ಪದ ಅಲ್ಲಿಂದ ಮುಂದೆ ಕೊಡಗಿನ ದಿನಬಳಕೆಗೆ ಸೇರಿತು. ಜಿಲ್ಲೆಯಲ್ಲಿ ಸುಮಾರು ಇಪ್ಪತ್ತು ಜನ ಸತ್ತರು. ಮಂಗಳೂರಿನ ಹೆದ್ದಾರಿ ಕಡಿದುಹೋಯಿತು. ಮಡಿಕೇರಿಯೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರಗಳ ಇಳಿಜಾರಿನಲ್ಲಿ ಮನೆಗಳು ಜರಿದವು. ಭೂವಿಜ್ಞಾನಿಗಳು ಬಂದು ನೋಡಿ ಮಳೆಯ ಜೊತೆಗೆ ಮನುಷ್ಯ ಕಡಿದ ಇಳಿಜಾರುಗಳನ್ನೂ ಕಾರಣವಾಗಿ ಹೆಸರಿಸಿದರು. ಇದಕ್ಕೆ ಒಂದು ತಕರಾರೂ ಇದೆ, ಅದನ್ನು ಕೇಳಿಸಿಕೊಳ್ಳಬೇಕು: ಮನೆಯೇ ಇಲ್ಲದ, ರಸ್ತೆಯೇ ಇಲ್ಲದ ಕಾಡಿನ ಗುಡ್ಡಗಳೂ ಜರಿದವಲ್ಲ? ಜರಿದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದು ಅರ್ಚಕರ ಕುಟುಂಬವೇ ಮಣ್ಣಾದಾಗಲೂ ಅದೇ ಮಾತು ಬಂತು. ಗುಡ್ಡದ ಮೇಲೆ ಇಂಗುಗುಂಡಿ ತೋಡಿದ್ದೇ ಕಾರಣ ಎಂದು ಕೆಲವರು, ಅಲ್ಲ ಎಂದು ಕೆಲವರು. ಕೊಡಗಿನಲ್ಲಿ ಈ ವಾದ ಮುಗಿದಿಲ್ಲ, ಬೇಗ ಮುಗಿಯುವ ಲಕ್ಷಣವೂ ಇಲ್ಲ. ಅಸಾಧಾರಣ ಮಳೆಗೆ ಯಾವ ಇಳಿಜಾರೂ ಜರಿಯಬಹುದು. ಕಡಿದ ಇಳಿಜಾರು ಸಾಧಾರಣ ಮಳೆಗೇ ಜರಿಯುತ್ತದೆ. ವ್ಯತ್ಯಾಸ ಅಲ್ಲಿದೆ ಎಂಬುದು ನನ್ನ ಎಣಿಕೆ.

ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆ, ಜಂಬೂರು ಮುಂತಾದ ಕಡೆ ಹೊಸ ಮನೆಗಳಾದವು. ಅವಕ್ಕೂ ಜಾಗ ಹುಡುಕುವುದೇ ದೊಡ್ಡ ಕೆಲಸವಾಗಿತ್ತು. ಇಂದಿರಾನಗರದ ಎಲ್ಲರೂ ಹೋಗಲಿಲ್ಲ. ಊರೊಳಗೆ ಕೂಲಿಯಿದೆ, ಮಕ್ಕಳ ಶಾಲೆಯಿದೆ. ಪ್ರತಿ ಜೂನ್‌ನಲ್ಲಿ ನಗರಸಭೆಯವರು ಅಪಾಯದ ಮನೆಗಳಿಗೆ ನೋಟಿಸ್ ಕೊಡುತ್ತಾರೆ, ಜನ ಅದನ್ನು ಪಡೆದು ಇಟ್ಟುಕೊಳ್ಳುತ್ತಾರೆ, ಮಳೆ ಜೋರಾದ ರಾತ್ರಿ ನೆಂಟರ ಮನೆಗೋ ಪರಿಹಾರ ಕೇಂದ್ರಕ್ಕೋ ಹೋಗಿ ಮಲಗುತ್ತಾರೆ. ಮಳೆಗಾಲದಲ್ಲಿ ಮಣ್ಣು ಅಗೆಯಬಾರದು, ಭಾರಿ ವಾಹನ ಬರಬಾರದು ಎಂಬ ಆದೇಶಗಳೂ ಈಗ ಮುಂಗಾರಿನಷ್ಟೇ ನಿಯತ.

ಬಡವರ ಮನೆಯ ಬರೆ ಮಾತ್ರ ಜರಿಯುತ್ತದೆ ಎಂದೇನಿಲ್ಲ. ಮಂಗಳೂರು ರಸ್ತೆಯ ಮೇಲ್ಬದಿಯಲ್ಲಿ ಜಿಲ್ಲಾಧಿಕಾರಿಗಳ ಹೊಸ ಕಚೇರಿಯಿದೆ. 2018ರ ನಂತರ ಅದರ ಕೆಳಗಿನ ಬರೆಗೆ ಕೋಟಿಗಟ್ಟಲೆ ಖರ್ಚು ಮಾಡಿ ‘ಜರ್ಮನ್ ತಂತ್ರಜ್ಞಾನ’ದ ತಡೆಗೋಡೆ ಕಟ್ಟಿದರು. 2022ರ ಜುಲೈ ಮಳೆಗೆ ಆ ಗೋಡೆಯ ಹಲಗೆಗಳು ಬಸುರಿಯ ಹೊಟ್ಟೆಯಂತೆ ಉಬ್ಬಿಕೊಂಡವು. ಕೆಳಗಿನ ಹೆದ್ದಾರಿಯನ್ನೇ ಮುಚ್ಚಿ, ಗೋಡೆಯ ಮೇಲಿನ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಿದರು. ಇಡೀ ಜಿಲ್ಲೆಗೆ ಬರೆಯ ಬಗ್ಗೆ ಆದೇಶ ಹೊರಡಿಸುವ ಕಚೇರಿಯ ಬರೆಗೂ ಕೊನೆಗೆ ಟಾರ್ಪಾಲೇ ಗತಿಯಾಯಿತಲ್ಲ ಎಂದು ಊರು ಮಾತಾಡಿಕೊಂಡಿತು.

ತಡೆಗೋಡೆ ಮಣ್ಣನ್ನು ತಡೆಯುವುದಕ್ಕಿಂತ ನೀರನ್ನು ಬಿಡಬೇಕು ಎಂದು ನನಗೆ ಕಲಿಸಿದವರು ಮಹದೇವಪೇಟೆಯ ಕೆಳಗಿನ ಓಣಿಯೊಂದರ ಹಿರಿಯರು. ಅವರ ಹಿತ್ತಿಲಿನ ಬರೆಗೆ ಕಲ್ಲಿನ ಗೋಡೆಯಿದೆ, ಗೋಡೆಯಲ್ಲಿ ಮಾರು ಮಾರಿಗೊಂದು ಪಿವಿಸಿ ಪೈಪಿನ ತುಂಡು ಹೊರಚಾಚಿದೆ. ಮೇ ಕೊನೆಯ ಸಂಜೆ, ಮೊದಲ ಗುಡುಗು ಕೇಳಿ ಎರಡು ದಿನವಾಗಿತ್ತು. ಅವರು ಉದ್ದನೆಯ ಕಬ್ಬಿಣದ ಸರಳು ಹಿಡಿದು ಒಂದೊಂದೇ ಪೈಪಿಗೆ ತೂರಿಸಿ ತಿವಿಯುತ್ತಿದ್ದರು. ಒಳಗೆ ಬೇರು, ಮಣ್ಣು, ಕಣಜದ ಗೂಡು ಕಟ್ಟಿಕೊಂಡಿರುತ್ತದಂತೆ.

“ಇಂಜಿನಿಯರು ಪೈಪ್ ಇಡುತ್ತಾರೆ ಸಾರ್, ತೆಗೆಯುವವರು ಯಾರು?” ಎಂದರು ನನ್ನ ಕಡೆ ತಿರುಗದೆ.

“ವರ್ಷಾ ವರ್ಷಾ ಮಾಡುತ್ತೀರಾ?”

“ಅಪ್ಪ ಇದ್ದಾಗ ಬಿದಿರಿನ ಕೊಳವೆ ಇತ್ತು. ಆಗಲೂ ಇದೇ ಕೆಲಸ.”

ಐದನೆಯ ಪೈಪು ಹಟ ಮಾಡಿತು. ಎರಡು ಸಲ ತಿವಿದರು, ಸರಳನ್ನು ತಿರುಚಿ ಎಳೆದರು. ಒಂದು ಹಿಡಿ ಕೆಸರು ಹೊರಬಿತ್ತು, ಹಿಂದೆಯೇ ಟೀ ಬಣ್ಣದ ನೀರು ಬೆರಳು ಗಾತ್ರ ಸುರಿದು, ಚರಂಡಿ ಸೇರಿ, ಮೆಟ್ಟಿಲ ಪಕ್ಕದಲ್ಲಿ ಕೆಳಗಿನ ಮನೆಯ ಬರೆಯ ಕಡೆಗೆ ಹರಿಯಿತು.